ಕಣಿಕಿ, ಹೊಟ್ಟು, ಬತ್ತದ ಹುಲ್ಲು: ಗ್ವಾದ್ಲಿ ನೋಡುತ್ತ ನಾಲ್ಕು ದಿನ

"ಈ ಸಲ ಕ್ರಿಸ್‌ಮಸ್ಸಿಗೆ ಬರೂದಾದ್ರ ಬರೀ ಕೈಲೆ ಬರಬ್ಯಾಡ. ನಿಮ್ಮೂರಿಂದ ಒಂದ ಸಿವುಡು ಕಣಿಕಿ ತಗೊಂಬಾ."

ಬೆಟಗೇರಿಯ ಗೆಳತಿ ಹೀಗೆ ಫೋನ್ ಮಾಡಿದ್ದು 2024ರ ಡಿಸೆಂಬರ್ ಎರಡನೇ ವಾರ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು ಕ್ರಿಸ್‌ಮಸ್ಸಿಗೆ ಕಟ್ಟುತ್ತಾರಲ್ಲ, ಆ ಗೋದಲಿಗೆ ಅವರ ಚರ್ಚಿನ ಹುಡುಗರು ಹೋದ ವರ್ಷ ಪೇಟೆಯಿಂದ ಪ್ಲಾಸ್ಟಿಕ್ ಹುಲ್ಲು ತಂದು ಹಾಸಿದ್ದರಂತೆ. ಹಿರಿಯರಿಗೆ ಅದು ಮನಸ್ಸಿಗೆ ಬಂದಿರಲಿಲ್ಲ. ಈ ಸಲ ಖರೇ ಮೇವೇ ಬೇಕು ಎಂದು ಹಟ ಹಿಡಿದಿದ್ದರು. ಊರೊಳಗೆ ದನ ಕಟ್ಟುವವರು ಕಡಿಮೆಯಾಗಿ, ಕಣಿಕಿ, ಅಂದರೆ ಜೋಳದ ಒಣ ದಂಟು, ಸಿಗುವುದೇ ಕಷ್ಟವಾಗಿತ್ತು. ನನ್ನ ತವರು ಅಣ್ಣಿಗೇರಿ ಸಮೀಪದ ಹಳ್ಳಿ. ಎರಿಭೂಮಿ, ಬಿಳಿಜೋಳದ ಸೀಮೆ. ಕೇಳಬೇಕಾದವಳನ್ನೇ ಕೇಳಿದ್ದಳು.

ಹತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಡಿಸೆಂಬರ್ ಬಂದರೆ ಅಲ್ಲಿಯ ಮಾಲ್‌ಗಳಲ್ಲಿ ಮೂರು ಮಹಡಿ ಎತ್ತರದ ಮರ, ಕೃತಕ ಹಿಮ, ಕೆಂಪು ಟೊಪ್ಪಿಗೆ. ನೋಡಿ ಖುಷಿಪಟ್ಟಿದ್ದೇನೆ, ಸುಳ್ಳೇಕೆ ಹೇಳಲಿ. ಆದರೆ ನನ್ನ ಸೀಮೆಯ ಊರುಗಳು ಈ ಹಬ್ಬಕ್ಕೆ ಹೇಗೆ ಸಿಂಗಾರಗೊಳ್ಳುತ್ತವೆ ಎಂದು ನಿಂತು ನೋಡಿದವಳೇ ಅಲ್ಲ. ನಾಲ್ಕು ದಿನ ರಜೆ ಹಾಕಿ ಹೊರಟೆ.

ಡಿಸೆಂಬರ್ 22, ರವಿವಾರ: ಹುಬ್ಬಳ್ಳಿ

ಬೆಳಗಿನ ಚಳಿಯಲ್ಲಿ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ಇಳಿದೆ. ಜಗತ್ತಿನಲ್ಲೇ ಉದ್ದವಾದ ಪ್ಲಾಟ್‌ಫಾರ್ಮ್ ಇಲ್ಲಿಯದು, 1,507 ಮೀಟರ್. ಅದರ ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಮಂಜಿನಲ್ಲಿ ಕಾಣಿಸಲಿಲ್ಲ.

ಮಧ್ಯಾಹ್ನ ದುರ್ಗದಬೈಲಿಗೆ ಹೋದೆ. ಜವಳಿ ಸಾಲಿನ ಕಡೆಯಿಂದ ನಡೆದು ಬಂದರೆ ಅಂಗಡಿಗಳ ಮುಂದೆ ನಕ್ಷತ್ರಗಳು ತೂಗುತ್ತಿದ್ದವು. ಕೆಂಪು, ಬಿಳಿ, ನೀಲಿ. ಹೆಚ್ಚಿನವು ಪ್ಲಾಸ್ಟಿಕ್ಕಿನವು, ಒಳಗೆ ಎಲ್‌ಇಡಿ ಸರ ತುಂಬಿದವು. ಅವುಗಳ ನಡುವೆ ಒಂದು ತಳ್ಳುಗಾಡಿಯ ಮೇಲೆ ಕಾಗದದವು ಇದ್ದವು. ಬಿದಿರು ಕಡ್ಡಿ ಕಟ್ಟಿ, ಪಟದ ಹಾಳೆ ಅಂಟಿಸಿ, ತುದಿಗಳಿಗೆ ಕತ್ತರಿಸಿದ ಜರಿ ಬಾಲ ಬಿಟ್ಟಿದ್ದರು. ಕೈಗೆತ್ತಿಕೊಂಡ ಕೂಡಲೇ ಗುರುತು ಹತ್ತಿತು: ದೀಪಾವಳಿಗೆ ನಾವು ಕಟ್ಟುವ ಆಕಾಶಬುಟ್ಟಿಯ ಕೈಕೆಲಸವೇ ಇದು. ಗಾಡಿಯ ಅಜ್ಜ ಒಪ್ಪಿಕೊಂಡ. "ದೀಪಾವಳಿಗೆ ಬುಟ್ಟಿ ಮಾಡ್ತೀವ್ರಿ, ಕಾರ್ತೀಕ ಮುಗದ ಮ್ಯಾಲ ಅದ ಕಡ್ಡಿಲೆ ಚುಕ್ಕಿ ಮಾಡ್ತೀವಿ. ಮೂಲಿ ಜಾಸ್ತಿ ಅಷ್ಟ."

ನಕ್ಷತ್ರಕ್ಕೆ ಮೂಲೆ ಹೆಚ್ಚಾದದ್ದಕ್ಕೂ ಒಂದು ಕಥೆಯಿದೆ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬ ಊರಿನಲ್ಲಿ ಮೊರೇವಿಯನ್ ಕ್ರೈಸ್ತರ ಒಂದು ಶಾಲೆಯಿತ್ತು. ಅಲ್ಲಿ ರೇಖಾಗಣಿತ ಕಲಿಸಲು ಕಾಗದದ ಪಿರಮಿಡ್ಡುಗಳನ್ನು ಜೋಡಿಸಿ ಹಲವು ಮೂಲೆಗಳ ನಕ್ಷತ್ರ ಮಾಡಿಸಿದರು. ಆಮೇಲೆ ಅದು ಕ್ರಿಸ್‌ಮಸ್ಸಿನ ಮನೆಮನೆಯ ದೀಪವಾಯಿತು. ಒಂದು ಗಣಿತದ ಪಾಠ ಕಿಟಕಿಯಲ್ಲಿ ಬೆಳಕಾಗಿ ನಿಂತದ್ದು ನನಗೆ ಬಹಳ ಚಂದ ಕಾಣುತ್ತದೆ. ಅಜ್ಜನ ಬಳಿ ಒಂದು ಹಳದಿ ಚುಕ್ಕಿ ಕೊಂಡೆ. ಎಂಬತ್ತು ರೂಪಾಯಿ.

ಸಂಜೆ ಕೇಶ್ವಾಪುರ. ಹುಬ್ಬಳ್ಳಿಯಲ್ಲಿ ಕ್ರಿಸ್‌ಮಸ್ ನೋಡಬೇಕೆಂದರೆ ಯಾರನ್ನು ಕೇಳಿದರೂ ಕೇಶ್ವಾಪುರಕ್ಕೇ ಕಳಿಸುತ್ತಾರೆ. ಸದರ್ನ್ ಮರಾಠಾ ರೈಲ್ವೆ ಕಾಲದಲ್ಲಿ ಇಲ್ಲಿ ವರ್ಕ್‌ಶಾಪ್ ಎದ್ದ ಮೇಲೆ ಕೆಲಸ ಹುಡುಕಿಕೊಂಡು ಬಂದವರಲ್ಲಿ ಗೋವೆಯವರು, ತಮಿಳರು, ತೆಲುಗರು, ಆಂಗ್ಲೋ ಇಂಡಿಯನ್ನರು ಎಲ್ಲರೂ ಇದ್ದರು. ರೈಲ್ವೆ ಕ್ವಾರ್ಟರ್ಸಿಗೆ ತಾಗಿದ ಈ ಓಣಿಗಳಲ್ಲಿ ಈಗ ಅವರ ಮೊಮ್ಮಕ್ಕಳು ಹುಬ್ಬಳ್ಳಿ ಕನ್ನಡ ಮಾತಾಡುತ್ತಾರೆ. ಮನೆಯ ಬಾಗಿಲಿಗೊಂದು ಚುಕ್ಕಿ, ಗೇಟಿಗೆ ಸೀರಿಯಲ್ ದೀಪ, ಅಂಗಳದಲ್ಲೊಂದು ಗೋದಲಿ. ಮಿಣಮಿಣ ಎಂದು ಅತಿ ವೇಗದಲ್ಲಿ ಹೊತ್ತಿ ಆರುವ ಎಲ್‌ಇಡಿ ಸರಗಳು ನನಗೆ ಹಿಡಿಸುವುದಿಲ್ಲ, ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಕಾಗದದ ಹಿಂದೆ ಅಲುಗದೆ ಉರಿಯುವ ಒಂದೇ ಬಲ್ಬು ಸಾಕು.

ಒಂದು ಮನೆಯ ಮುಂದೆ ಜನ ಗುಂಪುಗಟ್ಟಿದ್ದರು. ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಅಂಗಳದ ತುಂಬ ಬೆತ್ಲೆಹೇಮ್ ಕಟ್ಟಿದ್ದರು. ಸಿಮೆಂಟ್ ಚೀಲಕ್ಕೆ ಬಣ್ಣ ಹಚ್ಚಿ ಮಾಡಿದ ಗುಡ್ಡ, ಗುಡ್ಡದ ಸುತ್ತ ತವರದ ಒಂದು ಪುಟ್ಟ ರೈಲು. ಎಂಜಿನ್ನಿನಿಂದ ಹಿಡಿದು ಗಾರ್ಡ್ ಡಬ್ಬಿಯವರೆಗೆ ಎಲ್ಲವನ್ನೂ ತಾವೇ ಕತ್ತರಿಸಿ ಬೆಸೆದದ್ದು. ಮಕ್ಕಳು ಅದರ ಹಿಂದೆ ತಲೆ ತಿರುಗಿಸುತ್ತಲೇ ಇದ್ದರು. ಗುಡ್ಡದ ಬುಡದ ಕೊಟ್ಟಿಗೆಯಲ್ಲಿ ಮರಿಯ, ಯೋಸೇಫ, ಎರಡು ಕುರಿ, ಒಂದು ಎತ್ತು. ನಡುವಿನ ಗೋದಲಿ ಖಾಲಿ.

"ಕೂಸು?" ಎಂದೆ.

"24ರ ನಡುರಾತ್ರಿ ಬರ್ತೈತ್ರಿ. ಅಲ್ಲೀಮಟ ಗ್ವಾದ್ಲಿ ಖಾಲೀನ ಇರಬೇಕು" ಎಂದರು. ಕೆಥೋಲಿಕ್ ಮನೆಗಳ ಪದ್ಧತಿ ಅದು. ಬಲಿಪೂಜೆಯ ಹೊತ್ತಿಗೆ ಶಿಶುವನ್ನು ಇಡುತ್ತಾರೆ.

ಅವರು ಗೋದಲಿ ಎನ್ನದೆ ಗ್ವಾದ್ಲಿ ಎಂದದ್ದು ನನ್ನ ಕಿವಿಯಲ್ಲಿ ಉಳಿಯಿತು. ಕ್ರಿಸ್‌ಮಸ್ ಕ್ರಿಬ್ ಎಂದು ಬೆಂಗಳೂರಿನಲ್ಲಿ ಕೇಳುತ್ತಿದ್ದುದು ಇಲ್ಲಿ ಕೊಟ್ಟಿಗೆಯ ಮಾತಾಗಿತ್ತು. ದನಗಳು ಮೇಯುವ ಕಟ್ಟೆಗೆ ನಮ್ಮ ಕಡೆ ಇರುವ ಹೆಸರೇ ಗ್ವಾದ್ಲಿ. ಮಣ್ಣೆತ್ತಿನ ಅಮಾಸಿಗೆ ಕೆರೆಯ ಮಣ್ಣು ತಂದು ನಾವು ಜೋಡೆತ್ತು ಮಾಡುತ್ತಿದ್ದೆವು. ಎತ್ತಿನ ಮುಂದೆ ಪುಟ್ಟದೊಂದು ಗ್ವಾದ್ಲಿ ಮಾಡದಿದ್ದರೆ ಅಜ್ಜಿ ಪೂಜೆಗೆ ಕೂರಿಸಿಕೊಳ್ಳುತ್ತಿರಲಿಲ್ಲ.

ಕತ್ತಲಾದ ಮೇಲೆ ಕ್ಯಾರಲ್ ಹಾಡುವ ತಂಡ ಓಣಿಗೆ ಬಂತು. ಗಿಟಾರ್ ಒಂದು, ಡೋಲಕ್ ಒಂದು. ಒಂದು ಮನೆಯೆದುರು ಕನ್ನಡ, ಮುಂದಿನದರ ಎದುರು ತಮಿಳು, ಆಚೆ ಕೊಂಕಣಿ. ಯಾವ ಮನೆಗೆ ಯಾವ ಭಾಷೆ ಎಂಬುದು ಹುಡುಗರಿಗೆ ಬಾಯಿಪಾಠವಾಗಿತ್ತು.

ಡಿಸೆಂಬರ್ 23, ಸೋಮವಾರ: ಧಾರವಾಡ

ಚಿಗರಿ ಬಸ್ಸಿನಲ್ಲಿ ಉಣಕಲ್ ಕೆರೆ, ನವನಗರ ದಾಟಿ ಧಾರವಾಡ. ಇಲ್ಲಿ ಹುಬ್ಬಳ್ಳಿಯ ಗದ್ದಲವಿಲ್ಲ, ಹಬ್ಬವನ್ನು ಹುಡುಕಿಕೊಂಡು ಹೋಗಬೇಕು. ಕಾಂಪೌಂಡಿನೊಳಗೆ, ಮರಗಳ ಹಿಂದೆ, ಒಂದು ಕಿಟಕಿಯಲ್ಲಿ ಒಂದು ಚುಕ್ಕಿ.

ಈ ಸೀಮೆಗೆ ಕ್ರಿಸ್‌ಮಸ್ ಬಂದ ದಾರಿಗಳಲ್ಲಿ ದೊಡ್ಡದು ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನದು. 1834ರಲ್ಲಿ ಅದರ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಘಟ್ಟ ಹತ್ತಿ ಧಾರವಾಡದಲ್ಲಿ ಕೇಂದ್ರ ತೆರೆದದ್ದು 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಬೆಟಗೇರಿಯಲ್ಲಿ 1841ರಲ್ಲಿ. ನನ್ನ ಪ್ರವಾಸದ ಮೂರೂ ಊರುಗಳು ಆ ಸಾಲಿನಲ್ಲೇ ಇವೆ. ಮೊದಲ ಮೂವರಲ್ಲಿ ಒಬ್ಬನಾದ ಸ್ಯಾಮುಯೆಲ್ ಹೆಬಿಕ್‌ನ ಹೆಸರು ಧಾರವಾಡದ ಹೆಬಿಕ್ ಸ್ಮಾರಕ ಚರ್ಚಿಗಿದೆ.

ನಾನು ಹೋದಾಗ ಒಳಗೆ ಹೆಂಗಸರು 25ರ ಹಾಡುಗಳ ತಾಲೀಮಿನಲ್ಲಿದ್ದರು. ಹಾರ್ಮೋನಿಯಂ ಹಿಡಿದವರು ಒಂದೇ ಸಾಲನ್ನು ನಾಲ್ಕು ಸಲ ಹಾಡಿಸಿದರು. ಹೊರಗೆ ನಿವೃತ್ತ ಶಿಕ್ಷಕಿಯೊಬ್ಬರು ಹುಡುಗರಿಂದ ಗೋದಲಿ ಕಟ್ಟಿಸುತ್ತಿದ್ದರು. ಬಿದಿರಿನ ನಾಲ್ಕು ಗಳ, ಮೇಲೆ ಬತ್ತದ ಹುಲ್ಲಿನ ಮಾಡು. ಹುಲ್ಲು ಆಗ ತಾನೇ ಒಕ್ಕಿದ್ದು, ಇನ್ನೂ ಹೊಂಬಣ್ಣ, ಮೂಗಿಗೆ ಗದ್ದೆಯ ವಾಸನೆ. ಕಲಘಟಗಿ ಕಡೆಯಿಂದ ಬಂದದ್ದಂತೆ. ಧಾರವಾಡದ ಪಶ್ಚಿಮಕ್ಕೆ ಸ್ವಲ್ಪ ಸರಿದರೆ ಸಾಕು, ಬತ್ತದ ಸೀಮೆ, ಅರೆಮಲೆನಾಡು. ಪೂರ್ವಕ್ಕೆ ಸರಿದರೆ ಎರಿ, ಜೋಳ, ಹತ್ತಿ. ಗೋದಲಿಯ ಮಾಡು ನೋಡಿದರೇ ಊರು ಯಾವ ಕಡೆ ಮುಖ ಮಾಡಿದೆ ಎಂದು ಹೇಳಬಹುದು.

"ಮದಲ ನಮ್ಮ ಚರ್ಚಿನ್ಯಾಗ ಗ್ವಾದ್ಲಿಗಿಂತ ಗಿಡಾನ ದೊಡ್ಡದು" ಎಂದರು ಆ ಟೀಚರು. ಅವರ ಮಾತಿಗೆ ಆಧಾರವಿದೆ. ಕ್ರಿಸ್‌ಮಸ್ ಮರ ಜರ್ಮನಿಯ ಪ್ರಾಟೆಸ್ಟಂಟ್ ಮನೆಗಳಲ್ಲಿ ಬೇರೂರಿದ ಪದ್ಧತಿ. ಗೋದಲಿ ಕೆಥೋಲಿಕರದು. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸ್ ಗೋದಲಿಯೊಂದನ್ನು ಸಜ್ಜು ಮಾಡಿಸಿ, ಹುಲ್ಲು ಹಾಕಿಸಿ, ಜೀವಂತ ಎತ್ತು ಮತ್ತು ಕತ್ತೆಯನ್ನು ಕಟ್ಟಿಸಿ ಹಬ್ಬ ಮಾಡಿದ್ದರು. ಗೊಂಬೆ ಬಂದದ್ದು ಆಮೇಲೆ, ಮೊದಲು ಬಂದದ್ದು ಮೇವು. ಈಗ ಧಾರವಾಡದಲ್ಲಿ ಎರಡೂ ಪಂಗಡದವರು ಎರಡನ್ನೂ ಇಡುತ್ತಾರೆ.

ಮಧ್ಯಾಹ್ನ ಕಿಟೆಲ್ ಕಾಲೇಜಿನ ಮುಂದೆ ಹಾದು ಬಂದೆ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಇಪ್ಪತ್ತೊಂದರ ಹುಡುಗನಾಗಿ ಭಾರತಕ್ಕೆ ಬಂದು ಕನ್ನಡ ಕಲಿಯಲು ಕುಳಿತದ್ದು ಧಾರವಾಡದಲ್ಲಿ. ನಲವತ್ತೊಂದು ವರ್ಷಗಳ ನಂತರ, 1894ರಲ್ಲಿ, ಎಪ್ಪತ್ತು ಸಾವಿರದಷ್ಟು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಹಳಗನ್ನಡ ಕಾವ್ಯದ ಜೊತೆಗೆ ಆಡುಮಾತು, ಗಾದೆಗಳನ್ನೂ ಅವರು ಅದರಲ್ಲಿ ಕೂರಿಸಿದರು. ತೀರಿಕೊಂಡದ್ದು 1903ರ ಇಂಥದೇ ಒಂದು ಡಿಸೆಂಬರಿನಲ್ಲಿ, ಟ್ಯೂಬಿಂಗನ್ನಿನಲ್ಲಿ. ಅವರು ಬರುವ ಮೊದಲೇ ಬೈಬಲ್ ಕನ್ನಡಕ್ಕೆ ಬಂದಿತ್ತು. ಇಂದಿನ ಕನ್ನಡ ಬೈಬಲ್ಲಿನಲ್ಲೂ ಮರಿಯ ತನ್ನ ಕೂಸನ್ನು ಮಲಗಿಸುವುದು ಗೋದಲಿಯಲ್ಲೇ. ರೈತರ ಬಾಯಲ್ಲಿ ದಿನವೂ ಓಡಾಡುವ ಪದವನ್ನು ದೇವರ ಕಥೆಗೆ ಆರಿಸಿಕೊಂಡವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಲೈನ್ ಬಜಾರಿನಲ್ಲಿ ಪೇಢೆ ಕಟ್ಟಿಸಿಕೊಂಡು ಕತ್ತಲಾಗುವುದರೊಳಗೆ ಹುಬ್ಬಳ್ಳಿಗೆ ಮರಳಿದೆ.

ಡಿಸೆಂಬರ್ 24, ಮಂಗಳವಾರ: ಅಣ್ಣಿಗೇರಿ, ಬೆಟಗೇರಿ

ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಅಣ್ಣಿಗೇರಿಗೆ ಬಂದೆ. ಹಳಿಯ ಎರಡೂ ಕಡೆ ಕಡಲೆ ಹೂಬಿಟ್ಟು, ಜೋಳ ಎದೆಮಟ್ಟ ನಿಂತಿತ್ತು. ಮುಂದಿನ ಸೋಮವಾರ ಎಳ್ಳಮಾಸಿ, ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ. ಗಾಡಿಯ ತುಂಬ ಅದೇ ಮಾತು.

ಮನೆಗೆ ಹೋದಾಗ ಅವ್ವ ಸಜ್ಜಿರೊಟ್ಟಿ ತಟ್ಟುತ್ತಿದ್ದಳು. ವಿಷಯ ಹೇಳಿದೆ. ತಮ್ಮ ಹಿತ್ತಲಿಗೆ ಹೋಗಿ ಬಣವಿಯಿಂದ ಹೋದ ವರ್ಷದ ಕಣಿಕಿಯ ಸಿವುಡೊಂದನ್ನು ಎಳೆದ. ನಾನು ಅವನ ಹಿಂದೆ ಕೊಟ್ಟಿಗೆಗೆ ಹೋದೆ. ಎತ್ತುಗಳನ್ನು ಮಾರಿ ಮೂರು ವರ್ಷ. ಅವು ನಿಲ್ಲುತ್ತಿದ್ದಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ನಿಂತಿದೆ. ಮೂಲೆಯಲ್ಲಿ ಒಂದೇ ಎಮ್ಮೆ. ಗೋಡೆಗುಂಟ ಕಲ್ಲು ಮಣ್ಣಿನ ಉದ್ದನೆಯ ಗ್ವಾದ್ಲಿ ಮಾತ್ರ ಹಾಗೆಯೇ ಇದೆ. ಎತ್ತುಗಳು ಕುತ್ತಿಗೆ ಉಜ್ಜಿ ಉಜ್ಜಿ ಅದರ ಅಂಚು ನುಣುಪಾಗಿದೆ. ಕೈಯಾಡಿಸಿ ನೋಡಿದೆ. ಒಳಗೆ ಒಂದು ಹಳೆಯ ಹಗ್ಗ, ಎರಡು ಖಾಲಿ ಗೊಬ್ಬರದ ಚೀಲ.

ಅವ್ವ ಹಿಂದೆ ಬಂದು ನಿಂತಿದ್ದಳು. "ಆ ಕೂಸಿನ್ನ ಎದ್ರಾಗ ಮಲಗಸ್ತಾರ ಅಂದಿ?"

"ಗ್ವಾದ್ಲ್ಯಾಗವ್ವಾ. ಛತ್ರದಾಗ ಜಾಗಾ ಇರಲಿಲ್ಲ ಅದಕ್ಕ."

"ನಿನ್ನೂ ಮಲಗಿಸಿದ್ದೆ ಇದರಾಗ. ಹತ್ತಿ ಬಿಡಸೂ ಸುಗ್ಗಿ, ಮನ್ಯಾಗ ಯಾರೂ ಇರಲಿಲ್ಲ. ನಾ ಸಗಣಿ ಬಳ್ಯಾಕ ಬಂದಾಗ ನಿನ್ನ ಇದರಾಗ ಕೌದಿ ಹಾಸಿ ಹಾಕ್ತಿದ್ದೆ. ಎತ್ತು ಮೂಸಿ ನೋಡಿ ಸುಮ್ಮನಾಗ್ತಿತ್ತು."

ಇಷ್ಟು ವರ್ಷದಲ್ಲಿ ಇದನ್ನವಳು ಹೇಳಿರಲೇ ಇಲ್ಲ. ಹೇಳುವಂಥ ಸಂಗತಿ ಅನ್ನಿಸಿರಲಿಕ್ಕಿಲ್ಲ. ಕೂಲಿಗೆ, ಹೊಲಕ್ಕೆ ಹೋಗುವ ತಾಯಂದಿರು ಕೂಸನ್ನು ಎಲ್ಲಿ ಸುರಕ್ಷಿತವೋ ಅಲ್ಲಿ ಇಡುತ್ತಿದ್ದರು, ಅಷ್ಟೆ. ಗ್ವಾದ್ಲಿಯಿಂದ ಉರುಳಿ ಬೀಳುವ ಹೆದರಿಕೆಯಿಲ್ಲ, ಇರುವೆ ಬೇಗ ಹತ್ತುವುದಿಲ್ಲ, ಎತ್ತಿನ ಉಸಿರಿನ ಬಿಸಿ ಬೇರೆ. ಎರಡು ಸಾವಿರ ವರ್ಷದ ಹಿಂದೆ ಬೆತ್ಲೆಹೇಮಿನಲ್ಲಿ ಒಬ್ಬ ಬಾಣಂತಿ ಕೊಟ್ಟಿಗೆಯ ತುಂಬ ಕಣ್ಣಾಡಿಸಿದಾಗ ಅವಳಿಗೂ ಇದೇ ಲೆಕ್ಕ ಹೊಳೆದಿರಬೇಕು. ನಾನು ಸ್ವಲ್ಪ ಹೊತ್ತು ಆ ಅಂಚಿನ ಮೇಲೆ ಕೈಯಿಟ್ಟುಕೊಂಡೇ ನಿಂತೆ.

ಅವ್ವನ ಗಮನ ಆಗಲೇ ಕಣಿಕಿಯ ಕಡೆ ಹೋಗಿತ್ತು. "ಬರೇ ಕಣಿಕಿ ಒಯ್ಯಬ್ಯಾಡ. ಚುಚ್ಚತೈತಿ ಕೂಸಿಗೆ. ಬುಡಕ ಕಣಿಕಿ ಹಾಕ್ರಿ, ಮ್ಯಾಲ ಶೇಂಗಾ ಹೊಟ್ಟ ಹಾಕ್ರಿ. ಮೆತ್ತಗ ಇರತೈತಿ." ಅದು ಮಣ್ಣಿನ ಗೊಂಬೆ ಎಂದು ನಾನು ಹೇಳಲಿಲ್ಲ. ತಮ್ಮ ಒಂದು ಚೀಲದಲ್ಲಿ ಹೊಟ್ಟು ತುಂಬಿಕೊಟ್ಟ. ಅದರ ಮೇಲೆ ಅವ್ವ ಒಂದು ಉಡಿಯಷ್ಟು ಹತ್ತಿ ತುರುಕಿದಳು.

ಅಣ್ಣಿಗೇರಿಯಿಂದ ಗದಗಕ್ಕೆ ಬಸ್ಸು. ನನಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಸಿವುಡಿಗೆ ಲಗೇಜು. "ಎಮ್ಮಿಗೇನ್ರಿ?" ಎಂದ ಕಂಡಕ್ಟರ್. ಚರ್ಚಿಗೆ ಎಂದೆ. ಅವನು ಸಿವುಡನ್ನು ತಾನೇ ಎತ್ತಿ ಡ್ರೈವರ್ ಹಿಂದಿನ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದ, ಲಗೇಜು ಟಿಕೆಟ್ ಹರಿಯಲೇ ಇಲ್ಲ.

ಬೆಟಗೇರಿ ನೇಕಾರರ ಊರು. ಗೆಳತಿಯ ಓಣಿಯಲ್ಲಿ ಮಗ್ಗದ ಸದ್ದು ಸಂಜೆಯಾದರೂ ನಿಂತಿರಲಿಲ್ಲ. ಮಗ್ಗವಿರುವ ಒಂದು ಮನೆಯ ಬಾಗಿಲಿನ ಮೇಲೆ ಬಸವಣ್ಣನ ಪಟ, ಪಕ್ಕದ ಬಾಗಿಲಿನಲ್ಲಿ ಕೆಂಪು ಚುಕ್ಕಿ. ಬೀದಿಯ ಕೊನೆಗೆ ಮಿಷನ್ನಿನವರ ಆಸ್ಪತ್ರೆ. ಹೆಸರು ಬೇರೆಯಾಗಿ ಎಷ್ಟೋ ಕಾಲವಾದರೂ ಸುತ್ತಲಿನ ಹಳ್ಳಿಗಳ ಬಾಯಲ್ಲಿ ಅದು ಇಂದಿಗೂ ಜರ್ಮನ್ ದವಾಖಾನಿ. ನಾನು ಹುಟ್ಟಿದ್ದು ಅಲ್ಲಿಯೇ. ಅದರ ಗೇಟಿಗೆ ದೀಪದ ಸರ ಇಳಿಬಿಟ್ಟಿದ್ದರು. ಹೊರಗೆ ರೋಗಿಗಳ ಕಡೆಯವರು ಬುತ್ತಿ ಬಿಚ್ಚಿಕೊಂಡು ಆ ಬೆಳಕಿನಲ್ಲಿ ಉಣ್ಣುತ್ತಿದ್ದರು. ನಾಲ್ಕು ದಿನದಲ್ಲಿ ನಾನು ಕಂಡ ಅಲಂಕಾರಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಇರಬೇಕು.

ಚರ್ಚಿನ ಅಂಗಳದಲ್ಲಿ ಹುಡುಗರು ಕಾಯುತ್ತ ಕುಳಿತಿದ್ದರು. ಸಿವುಡು ಬಿಚ್ಚಿದೆವು. ಒಂಬತ್ತನೇ ಈಯತ್ತೆಯ ಹುಡುಗಿಯೊಬ್ಬಳು ಕಣಿಕಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದಿದ್ದಳು. ಕತ್ತರಿಯಿಂದ ಕತ್ತರಿಸಲು ನೋಡಿದಳು, ಆಗಲಿಲ್ಲ. ಗೆಳತಿಯ ಮಾವ ಕುಡಗೋಲು ತಂದು ಒಂದೇ ಅಳತೆಗೆ ಕಡಿದುಕೊಟ್ಟರು. ಬುಡಕ್ಕೆ ಕಣಿಕಿ, ಮೇಲೆ ಹೊಟ್ಟು. ಯಾಕೆ ಹಾಗೆ ಎಂದು ಕೇಳಿದ ಹುಡುಗರಿಗೆ ಅವ್ವ ಹೇಳಿದ್ದನ್ನು ಹೇಳಿದೆ. ಯಾರೂ ನಗಲಿಲ್ಲ. ಒಬ್ಬ ಹುಡುಗ ಹೊಟ್ಟನ್ನು ಅಂಗೈಯಲ್ಲಿ ತಿಕ್ಕಿ, ಉಳಿದಿದ್ದ ಎರಡು ಮುಳ್ಳುಕಡ್ಡಿಗಳನ್ನು ಆರಿಸಿ ತೆಗೆದ.

ಹತ್ತಿಯನ್ನು ಮರಕ್ಕೆ ಹಾಕಿದೆವು. ಮರವೆಂದರೆ ಕುಂಡದಲ್ಲಿ ಬೆಳೆಸಿದ ಪುಟ್ಟ ಅರಕೇರಿಯ. ಎರಿಹೊಲದ ಹತ್ತಿ ಅದರ ಮೇಲೆ ಹಿಮವಾಗಿ ಕುಳಿತಿತು. ಒಂದೆರಡು ಕಾಳು ಒಳಗೇ ಉಳಿದಿದ್ದವು. ನನ್ನ ಹಳದಿ ಚುಕ್ಕಿಯನ್ನು ಮಾಡಿಗೆ ಕಟ್ಟಿದರು. ರಾತ್ರಿ ಒಂಬತ್ತಕ್ಕೆ ಸ್ವಿಚ್ಚು ಒತ್ತಿದಾಗ ಕಾಗದದ ಬೆಳಕು ಕಣಿಕಿಯ ಮೇಲೆ ಬಿದ್ದು, ಅದು ಸುಗ್ಗಿಯ ಕಣದ ಬಣ್ಣಕ್ಕೆ ತಿರುಗಿತು.

ಡಿಸೆಂಬರ್ 25, ಬುಧವಾರ: ಬೆಟಗೇರಿ

ಇನ್ನೂ ಕತ್ತಲಿರುವಾಗಲೇ ಗಂಟೆ ಬಾರಿಸಿತು. ಗೆಳತಿಯ ಮನೆಯವರೆಲ್ಲ ಹೊಸ ಬಟ್ಟೆ ಉಟ್ಟು ಹೊರಟರು. ಅವಳ ಅತ್ತೆಗೆ ಹಸಿರು ಇಳಕಲ್ ಸೀರೆ, ಮೊಮ್ಮಗಳಿಗೆ ಬಿಳಿ ಫ್ರಾಕು. ಚರ್ಚಿನ ಬಾಗಿಲಿಗೆ ಚೆಂಡು ಹೂವಿನ ತೋರಣ, ಒಳಗೆ ಹಾವೇರಿಯಿಂದ ಯಾರೋ ತಂದಿದ್ದ ಏಲಕ್ಕಿ ಹಾರ. ಜನ ಕೂತ ಬಿಸುಪಿಗೆ ಅದರ ಘಮ ಹರಡಿತು. ಆರಾಧನೆ ಕನ್ನಡದಲ್ಲಿ. ಸಭಾಪಾಲಕರು ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಓದಿದರು. ಗೋದಲಿ ಎಂಬ ಪದ ಅದರಲ್ಲಿ ಮೂರು ಸಲ ಬರುತ್ತದೆ. ಪ್ರತಿ ಸಲವೂ ನನ್ನ ಕಣ್ಣಿಗೆ ಬಂದದ್ದು ನುಣುಪಾದ ಆ ಕಲ್ಲಿನ ಅಂಚು.

ಆಮೇಲೆ ದಿನವೆಲ್ಲ ತಟ್ಟೆಗಳ ಓಡಾಟ. ಕರ್ಚಿಕಾಯಿ, ಶಂಕರಪೋಳಿ, ಚಕ್ಕಲಿ, ರವೆ ಉಂಡಿ, ಚೂಡಾ, ಮೂಲೆಯಲ್ಲಿ ಒಂದು ತುಂಡು ಕೇಕು. ಕೇಕು ಒಂದನ್ನು ಬಿಟ್ಟರೆ ದೀಪಾವಳಿಗೆ ನಮ್ಮ ಮನೆಯಲ್ಲಿ ಮಾಡುವ ಫರಾಳವೇ. ಮಗ್ಗದ ಮನೆಗೆ ತಟ್ಟೆ ಒಯ್ದವಳು ನಾನೇ. ಖಾಲಿ ತಟ್ಟೆ ಮರಳಿ ಕೊಡಬಾರದೆಂದು ಅವರು ಅದರಲ್ಲಿ ಸಕ್ಕರೆ ಹಾಕಿ ಕೊಟ್ಟರು. ಮಧ್ಯಾಹ್ನ ಮನೆಯಲ್ಲಿ ಬಿರಿಯಾನಿ, ನನಗಾಗಿ ಬೇರೆ ಒಲೆಯ ಮೇಲೆ ಎಣ್ಣೆಗಾಯಿ, ಶೇಂಗಾ ಹೋಳಿಗೆ.

ಸಂಜೆ ಗೋದಲಿ ನೋಡಲು ಊರೇ ಬಂತು. ಬುರ್ಖಾ ತೊಟ್ಟ ತಾಯಿಯೊಬ್ಬಳು ಮಗುವನ್ನು ಎತ್ತಿ ತೋರಿಸಿದಳು. ಸಂತೆಗೆ ಬಂದಿದ್ದ ಹಳ್ಳಿಯ ಮುದುಕನೊಬ್ಬ ಬಹಳ ಹೊತ್ತು ನಿಂತ. ಗೊಂಬೆಗಳನ್ನು ಅವನು ನೋಡಲಿಲ್ಲ, ಬಾಗಿ ಒಂದು ಕಣಿಕಿ ತುಂಡು ತೆಗೆದು ಮುರಿದು ನೋಡಿದ. "ಬಿಳಿಜೋಳದ್ದು. ಚಲೋ ಐತಿ" ಎಂದು ಅದನ್ನು ಇದ್ದಲ್ಲೇ ಇಟ್ಟು ಹೋದ. ಜನವರಿ 6ರವರೆಗೆ ಗೋದಲಿ ಹೀಗೇ ಇರುತ್ತದೆ, ಆಮೇಲೆ ಮೇವನ್ನು ಓಣಿಯ ಕೊನೆಯ ಎಮ್ಮೆಗೆ ಹಾಕುತ್ತೇವೆ ಎಂದಳು ಗೆಳತಿ.

ರಾತ್ರಿ ಬೆಂಗಳೂರಿನ ಗಾಡಿಗೆ ಕಾಯುತ್ತ ಗದಗ ನಿಲ್ದಾಣದಿಂದ ಅವ್ವನಿಗೆ ಫೋನ್ ಮಾಡಿದೆ. ಚರ್ಚು, ದೀಪ, ಹಾಡು, ಬಂದ ಜನ ಎಲ್ಲವನ್ನೂ ಹೇಳುತ್ತ ಹೋದೆ. ಅವಳು ಹ್ಞೂಂಗುಟ್ಟಿ ಕೇಳಿಸಿಕೊಂಡಳು. ನಾನು ನಿಲ್ಲಿಸಿದ ಮೇಲೆ ಒಂದೇ ಮಾತು ಕೇಳಿದಳು.

"ಹೊಟ್ಟ ಹಾಕಿದ್ರೇನು ಮ್ಯಾಲ?"

"ಹಾಕೀವವ್ವಾ."